ಪುಟ ಎಂಬತ್ತೇಳು

ಕೊರಿಯರಿನವ ಕೆಳಗಿನಿಂದಲೇ ಕೂಗಿದ:
"ಕಲ್ಲಿನ ಹಾಗೆ ಭಾರ ಉಂಟು, ನೀವೇ ಬನ್ನಿ."
ಬಂದರಿನ ಒಣಮೆಣಸಿನ ಅಂಗಡಿಯ ಮಹಡಿ ನಮ್ಮದು,
ಶನಿವಾರ ಸಂಜೆಗೆ ಮಾತ್ರ ನಮ್ಮದು.
ಹದಿನಾಲ್ಕು ವರ್ಷ ಇಲ್ಲಿ
ಸೀನುತ್ತ ಸೀನುತ್ತ ರಾಕ್ಷಸರನ್ನು ಕೊಂದಿದ್ದೇವೆ.

ಪೆಟ್ಟಿಗೆ ಬಿಚ್ಚಿದ್ದು ಐವನ್ ಲಸ್ರಾದೊ,
ಅಂಜಲ್ ಕೊಯ್ಯುವ ಜಾಗ್ರತೆಯಲ್ಲಿ.
ಹೊಸ ಆವೃತ್ತಿ. ನಾಲ್ಕನೆಯದು.
ಗಟ್ಟಿ ರಟ್ಟು, ಅಂಚಿಗೆ ಬಂಗಾರ,
ಮೂಸಿದರೆ ಹೊಸ ಚಪ್ಪಲಿಯ ವಾಸನೆ.

ಮೇಜಿನ ಈಚೆ ತುದಿಯಲ್ಲಿ ನಮ್ಮ ಎರಡನೆಯದು:
ಜ್ಯೋತಿ ಸರ್ಕಲ್ಲಿನ ಝೆರಾಕ್ಸು, ಸ್ಪೈರಲ್ ಬೈಂಡು,
ನಲವತ್ತನೇ ಪುಟದಲ್ಲಿ ಬಫಾತಿನ ಕೊಬ್ಬು,
ಅದರ ಮೂಲಕ ನಲವತ್ತೊಂದನ್ನೂ ಓದಬಹುದು.
ಮೂರನೆಯದನ್ನು ನಾವು ಕೊಳ್ಳಲೇ ಇಲ್ಲ, ಸಿಟ್ಟಿನಲ್ಲಿ.
ಯಾಕೆ ಸಿಟ್ಟೆಂದು ಈಗ ಯಾರಿಗೂ ನೆನಪಿಲ್ಲ,
ಸಿಟ್ಟು ಮಾತ್ರ ನೆನಪುಂಟು.

ವಾಮನ ಮಲ್ಯ ಪುಟ ಎಣಿಸಿದ,
ಬೆಲೆಯನ್ನು ಪುಟದಿಂದ ಭಾಗಿಸಿದ.
"ಒಂದಕ್ಕೆ ಹತ್ತು ರೂಪಾಯಿ ಮೂವತ್ತು ಪೈಸೆ.
ಅರ್ಧ ಬರೀ ಚಿತ್ರ. ಚಿತ್ರ ಇಟ್ಟುಕೊಂಡು ಎಂತ ಮಾಡುವುದು ಮಾರಾಯ?"

ನಾನು ನನ್ನ ಕಳ್ಳನನ್ನು ಹುಡುಕಿದೆ.
ಬೊಗ್ಗು, ಒಂದು ಕಿವಿ ಇಲ್ಲದವ,
ಏಳು ಕೋಟೆಯ ಬೀಗ ಮುರಿದವ.
ಹೊಸ ಪುಸ್ತಕದಲ್ಲಿ ಕಳ್ಳರೇ ಇಲ್ಲ.
ಎಲ್ಲರನ್ನೂ ಸೇರಿಸಿ ಗುಪ್ತಚಾರಿ ಎಂದು ಮಾಡಿದ್ದಾರೆ,
ಸರಕಾರಿ ನೌಕರಿ ಸಿಕ್ಕಿದ ಹಾಗೆ.
ಬೊಗ್ಗುವಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ?

ಶಮೀಮಾಳ ಬೆರಳು ಒಂದು ಕಡೆ ನಿಂತಿತು.
ಸಾಯುವವನು ಸಾಯುವ ಮೊದಲು
ಒಂದು ವಾಕ್ಯ ಹೇಳಬಹುದು: ಇದು ಹೊಸ ನಿಯಮ.
"ಇದು ನಮ್ಮದಲ್ವಾ?
ಕರೆಂಟು ಹೋದ ದಿನ ಮೊಬೈಲ್ ಟಾರ್ಚಿನಲ್ಲಿ ನಾವು ಮಾಡಿದ್ದು.
ಇವರಿಗೆ ಹೇಳಿದ್ದು ಯಾರು?"
ತೆಗೆದದ್ದಕ್ಕೆ ಸಿಟ್ಟು ಬರುತ್ತದೆ, ಸರಿ.
ಸೇರಿಸಿದ್ದಕ್ಕೆ ಬರುವ ಸಿಟ್ಟಿಗೆ
ನಮ್ಮಲ್ಲಿ ಹೆಸರಿಲ್ಲ.

ಐವನ್ನನ ಅಕ್ಕನ ಮಗಳು ರೆನಿಟಾ, ಪಿಯುಸಿ,
ನಮ್ಮ ಮಧ್ಯೆ ಕೂತು
ಹತ್ತು ನಿಮಿಷದಲ್ಲಿ ಒಬ್ಬ ಯೋಧೆಯನ್ನು ಮಾಡಿ ಮುಗಿಸಿದಳು.
"ಇಷ್ಟೇನಾ? ಸುಲಭ ಉಂಟಲ್ಲ!"
ನಾಲ್ಕು ಜನ ಅವಳನ್ನು ನೋಡಿದ ರೀತಿಗೆ
ಪಾಪ, ಬನ್ಸು ಅವಳ ಕೈಯಲ್ಲೇ ತಣಿಯಿತು.

ಆಗ ಫೋನು.
ಸುಕೇಶ ಕರ್ಕೇರ, ಬೋಟಿನ ಇಂಜಿನು ರಿಪೇರಿಯವ,
ಮೂರನೆಯದರ ಕಡೆ ಹೋದವ,
ಕದ್ರಿಯಲ್ಲಿ ಬೇರೆಯೇ ಮೇಜು ಹಾಕಿದವ,
ಆರು ವರ್ಷ ಎದುರು ಸಿಕ್ಕಿದರೂ
ಬಸ್ಸಿನ ಬೋರ್ಡು ಓದಿದವ.
ಸ್ಪೀಕರಿಗೆ ಹಾಕಿದೆ.
"ಬಂತಾ?"
"ಬಂತು."
"ಹಾಳು ಮಾಡಿದ್ದಾರಲ್ಲ?"
"ಪೂರ್ತಿ."
ಮತ್ತೆ ಸ್ವಲ್ಪ ಹೊತ್ತು ಎರಡೂ ಕಡೆಯಿಂದ
ಬರೀ ಉಸಿರು.

ಅಷ್ಟರಲ್ಲಿ ರೆನಿಟಾ ದಾಳ ಎಸೆದಳು.
ಇಪ್ಪತ್ತು ಮುಖದ್ದು, ಅಂಚು ದಾಟಿ
ಮೂಟೆಗಳ ಸಂದಿಗೆ ಉರುಳಿತು.
"ಬಿದ್ದರೆ ಇನ್ನೊಮ್ಮೆ ಎಸೆಯಬೇಕು, ಪುಟ ಎಂಬತ್ತೇಳು,"
ಅವಳು ಹೊಸದನ್ನು ತೋರಿಸಿದಳು.
ನಾನು ಹಳೆಯದರ ಎಂಬತ್ತೇಳು ತೆರೆದೆ.
ಮಾರ್ಜಿನಿನಲ್ಲಿ ಪೆನ್ಸಿಲು, ಡೀಸೆಲಿನ ಹೆಬ್ಬೆಟ್ಟು,
ಕರ್ಕೇರನ ವಕ್ರ ಅಕ್ಷರ.
ಓದುವ ಮೊದಲೇ ಫೋನು ಹೇಳಿತು:
"ಬಿದ್ದಲ್ಲೇ ಲೆಕ್ಕ.
ಹುಡುಕಿದವನು ಹೇಳಿದ್ದೇ ಸತ್ಯ."

ಮೊಣಕಾಲೂರಿ ಟಾರ್ಚು ಹಿಡಿದು ಹೋದೆ.
ಮೆಣಸಿನ ಬೀಜ, ಒಂದು ಹಳೆಯ ಪೆನ್ನಿನ ಮುಚ್ಚಳ,
ಆಚೆ ಗೋಡೆಗೆ ಒರಗಿ ದಾಳ.
ಮೂರು.
"ಹದಿನೇಳು," ಎಂದೆ.

ಫೋನಿನಲ್ಲಿ ಯಾರೋ ಗಟ್ಟಿಯಾಗಿ ಸೀನಿದರು.
ಕದ್ರಿಯಲ್ಲಿ ಮೆಣಸಿನ ಅಂಗಡಿ ಇಲ್ಲ.
ಇನ್ನೊಂದು ಸೀನು
ಮೆಟ್ಟಿಲ ಕೆಳಗಿನಿಂದಲೂ ಕೇಳಿತು.